ಏಳನೇ ಸಾಲಿನ ಹಕ್ಕಿಗಳು

ಮೇಚೆಮ್
ಗುರುವಾರ, 13 ಜೂನ್, ಬೌದ್ಧ ಶಕ 2567

ಲಾ,

ಇದನ್ನು ಪ್ರೀತಿಯಿಂದ ಬರೆದ ಕಾಗದ ಎಂದುಕೊಂಡು ಉಬ್ಬಿಹೋಗಬೇಡ. ಇದು ನನ್ನ ಹೋಂವರ್ಕ್.

ಹೌದು, ನಾನು ಶಾಲೆಗೆ ಸೇರಿದ್ದೇನೆ. ಎಪ್ಪತ್ತೊಂದನೇ ವಯಸ್ಸಿನಲ್ಲಿ ಬಿಳಿ ಅಂಗಿ, ಕೆಂಪು ಲಂಗ, ಎರಡು ಜಡೆ, ಜಡೆಗೆ ರಿಬ್ಬನ್ನು. ಪ್ರತಿ ಗುರುವಾರ ವಿಹಾರದ ಹಿಂದಿನ ಚಪ್ಪರದಲ್ಲಿ ಮುದುಕ ಮುದುಕಿಯರ ಶಾಲೆ ನಡೆಯುತ್ತದೆ. ನಲವತ್ತು ಜನ ಇದ್ದೇವೆ. ಎಲ್ಲರ ಬಾಯಲ್ಲಿರುವ ಹಲ್ಲು ಕೂಡಿಸಿದರೂ ಇನ್ನೂರು ದಾಟಲಿಕ್ಕಿಲ್ಲ.

ಇದು ಹೇಗಾಯಿತು ಎಂದರೆ, ಮಾರ್ಚ್ ತಿಂಗಳಲ್ಲಿ ನಾನು ಸಂತೆಯಿಂದ ಬರುವಾಗ ಸೇತುವೆಯ ಹತ್ತಿರ ನಿಂತುಬಿಟ್ಟೆ. ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ಐವತ್ತು ವರ್ಷ ನಡೆದ ದಾರಿ! ಅದೇ ವಾರ ಮಗಳು ನುವನ್ ನನ್ನ ಬಟ್ಟೆಯ ಪೆಟ್ಟಿಗೆಯಲ್ಲಿ ಹುಳಿ ಸೋಯಾ ಹಪ್ಪಳ ಕಂಡಳು, ಅಕ್ಕಿಯ ಡಬ್ಬದಲ್ಲಿ ನನ್ನ ರವಿಕೆ. ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಗಡಿಯಾರದ ಚಿತ್ರ ಬರೆಯಲು ಹೇಳಿದರು. ವೃತ್ತ ಚೆನ್ನಾಗಿಯೇ ಬಂತು. ಆದರೆ ಹನ್ನೆರಡು ಅಂಕಿಗಳೂ ಬಸ್ಸಿನ ಬಾಗಿಲಿಗೆ ನುಗ್ಗುವವರಂತೆ ಒಂದೇ ಕಡೆ ಸೇರಿಕೊಂಡವು.

ಶಾಲೆ ನಡೆಸುವ ನರ್ಸ್ ಪಿಕುನ್ ನೇರ ಮಾತಿನವಳು. "ಅಜ್ಜಿ, ಇದು ಮರೆವಿನ ಕಾಯಿಲೆ. ಈಗಷ್ಟೇ ಶುರುವಾಗಿದೆ. ಪೂರ್ತಿ ವಾಸಿ ಆಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ಅದರ ಓಟ ನಿಧಾನ ಮಾಡೋಕೆ ನೋಡ್ಬಹುದು. ರಕ್ತದೊತ್ತಡದ ಮಾತ್ರೆ ತಪ್ಪಿಸ್ಬಾರ್ದು. ಉಪ್ಪು ಕಮ್ಮಿ, ಸಕ್ಕರೆ ಕಮ್ಮಿ. ದಿನಾ ನಡೀಬೇಕು. ಕಿವಿಗೆ ಮೆಷಿನ್ ಹಾಕಿಸ್ಕೊಬೇಕು."

"ಕಿವಿಗೂ ಮರೆವಿಗೂ ಏನೇ ಸಂಬಂಧ?" ಎಂದೆ.

"ಕಿವಿ ಕೇಳ್ದೆ ಇದ್ರೆ ಮಾತು ಬಿಡ್ತೀರ. ಮಾತು ಬಿಟ್ರೆ ಜನ ಬಿಡ್ತೀರ. ಜನಾನೇ ಇಲ್ದಿದ್ರೆ ಮೆದುಳಿಗೆ ಕೆಲಸ ಎಲ್ಲಿಂದ ಬರುತ್ತೆ ಅಜ್ಜಿ?"

ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ. ನನಗೆ ಎಪ್ಪತ್ತೊಂದಕ್ಕೆ ಬಂದಿದೆ, ಹನ್ನೊಂದು ವರ್ಷ ಲಾಭವೇ ಆಯಿತು.

ಈ ವಾರದ ಹೋಂವರ್ಕ್: ಮಾತು ಬಿಟ್ಟವರಿಗೆ ಒಂದು ಕಾಗದ ಬರೆಯಬೇಕು, ಯಾಕೆ ಮಾತು ಬಿಟ್ಟೆವು ಎಂದು ನೆನಪಿಸಿಕೊಂಡು ಬರೆಯಬೇಕು. ಮೊದಲ ಅರ್ಧ ಸುಲಭವಾಗಿತ್ತು, ನೀನು ಇದ್ದೆ. ಎರಡನೇ ಅರ್ಧಕ್ಕೆ ಮೂರು ದಿನ ಪೆನ್ಸಿಲ್ ಕಚ್ಚಿಕೊಂಡು ಕೂತೆ. ಲಾ, ಆಣೆ ಮಾಡಿ ಹೇಳುತ್ತೇನೆ, ನನಗೆ ನೆನಪಿಲ್ಲ. ಕೋಪ ನೆನಪಿದೆ, ಕಾರಣ ಇಲ್ಲ. ಹದಿನಾಲ್ಕು ವರ್ಷ ಆಯಿತು ಎಂದು ನುವನ್ ಹೇಳುತ್ತಾಳೆ, ಅದಕ್ಕಿಂತ ಹೆಚ್ಚು ಅವಳೂ ಬಾಯಿ ಬಿಡುವುದಿಲ್ಲ.

ಆದ್ದರಿಂದ ನೀನೇ ಬರೆದು ತಿಳಿಸು. ತಪ್ಪು ನನ್ನದಾಗಿದ್ದರೆ ಕ್ಷಮೆ ಕೇಳುತ್ತೇನೆ. ನಿನ್ನದಾಗಿದ್ದರೆ ಬಿಡು, ಹೇಗೂ ಮರೆತಿದ್ದೇನೆ.

ನಿನ್ನ ಅಕ್ಕ (ಎರಡನೇ ಬೆಂಚು, ಕಿಟಕಿಯ ಪಕ್ಕ)
ಫೊಂಗ್‌ಚನ್


ಸೊಂಗ್ಖ್ಲಾ
2 ಜುಲೈ 2567

ಶ್ರೀಮತಿ ಫೊಂಗ್‌ಚನ್ ಅವರಿಗೆ,

ನಿಮ್ಮ ಕಾಗದ ತಲುಪಿತು.

ಮರೆತಿದ್ದೇನೆ ಎಂದು ಹೇಳಿದರೆ ಆದದ್ದು ಆಗಿಲ್ಲ ಎಂದಾಗುವುದಿಲ್ಲ. ನಾನು ಮರೆತಿಲ್ಲ. ನಿಮ್ಮ ಟೀಚರಿಗೆ ಬೇರೆ ಯಾರ ಹೆಸರನ್ನಾದರೂ ಕೊಡಿ.

ಇಲ್ಲಿ ಎಲ್ಲರೂ ಆರೋಗ್ಯ. ಮೀನಿನ ಸಾರಿನ ಅಂಗಡಿ ನಡೆಯುತ್ತಿದೆ.

ರಕ್ತದೊತ್ತಡದ ಮಾತ್ರೆಯನ್ನು ಬೆಳಗ್ಗೆ ತೆಗೆದುಕೊಳ್ಳುತ್ತೀರೋ ರಾತ್ರಿಯೋ? ನನಗೂ ಕೊಟ್ಟಿದ್ದಾರೆ, ಅದಕ್ಕೆ ಕೇಳಿದೆ, ಬೇರೇನಿಲ್ಲ.

ಸೆಂಗ್‌ಲಾ


ಮೇಚೆಮ್
18 ಜುಲೈ 2567

ಲಾ,

"ಶ್ರೀಮತಿ ಫೊಂಗ್‌ಚನ್ ಅವರಿಗೆ" ಎಂದು ಬರೆದಿದ್ದೀಯಲ್ಲ, ನಾನೇನು ಜಿಲ್ಲಾಧಿಕಾರಿಯೇ? ನಿನ್ನ ಮೂಗು ಒರೆಸಿದ ಕೈಯಿದು. ಆದರೂ ಕಾಗದವನ್ನು ತರಗತಿಯಲ್ಲಿ ಓದಿ ತೋರಿಸಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಉತ್ತರ ಬಂದದ್ದು ನನಗೊಬ್ಬಳಿಗೇ. ನಮ್ಮ ತರಗತಿಯ ಇನ್‌ಕೇವ್ ಮಾಮ ಬರೆದದ್ದು ಅವನ ಮೊದಲ ಹೆಂಡತಿಗೆ, ಅವಳು ಕಾಗದ ಒಡೆಯದೆ ವಾಪಸ್ ಕಳಿಸಿದ್ದಾಳೆ.

ಮಾತ್ರೆ ಬೆಳಗ್ಗೆ. ನಿನಗೆ ಹೇಗೆ ಎಂದು ನಿನ್ನ ಡಾಕ್ಟರನ್ನು ಕೇಳು. ನಿನಗೂ ಬಂತೇ ರಕ್ತದೊತ್ತಡ? ಮೀನಿನ ಕರುಳಿನ ಆ ಉಪ್ಪುಸಾರು ತಿಂದರೆ ಬಾರದೆ ಇರುತ್ತದೆಯೇ?

ಇನ್‌ಕೇವ್ ಮಾಮನ ಕಥೆ ಕೇಳು. ಪಿಕುನ್ ಐದು ಪದ ಹೇಳುತ್ತಾಳೆ, ಹತ್ತು ನಿಮಿಷ ಕುಣಿಸುತ್ತಾಳೆ, ಆಮೇಲೆ ಆ ಐದು ಪದ ಕೇಳುತ್ತಾಳೆ. ಮಾಮ ಐದನ್ನೂ ಪಟಪಟ ಹೇಳಿದ. ನನಗೆ ಎರಡೇ ಬಂದದ್ದು, ಹುಲಿ, ಬಾಳೆಹಣ್ಣು. ನನಗೆ ಅಳುವೇ ಬಂತು. ಆಮೇಲೆ ನೋಡಿದರೆ ಆ ಕಿಲಾಡಿ ಅಂಗೈಯಲ್ಲಿ ಬರೆದುಕೊಂಡಿದ್ದ! ಪಿಕುನ್ ಕೈಹಿಡಿದಳು.

"ಮಾಮ, ಇದು ಕಾಪಿ!"

"ಕಾಪಿ ಅಲ್ಲಮ್ಮ, ಮುಂದಾಲೋಚನೆ," ಎಂದ. ಎಪ್ಪತ್ತೆಂಟು ವರ್ಷ ಅವನಿಗೆ.

ಕಿವಿಗೆ ಮೆಷಿನ್ ಬಂದಿದೆ. ಅದು ಬಂದ ಮೇಲೆ ನಮ್ಮ ಮನೆಯ ಶಾಂತಿ ಹೋಯಿತು. ನುವನ್ ಅಡಿಗೆಮನೆಯಲ್ಲಿ ನನ್ನ ಬಗ್ಗೆ ಗೊಣಗುವುದೆಲ್ಲ ಕೇಳಿಸುತ್ತದೆ. ಅಲ್ಲಿಂದಲೇ ಉತ್ತರ ಕೊಟ್ಟರೆ ಪಾತ್ರೆ ಬೀಳಿಸುತ್ತಾಳೆ.

ಈಗ ಒಂದು ಕಷ್ಟದ ವಿಷಯ. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ, ಇದು ಹೋಂವರ್ಕ್ ಅಲ್ಲ.

ವರ್ಷದ ಕೊನೆಗೆ ನಮಗೆ ಪದವಿ ಸಮಾರಂಭ ಇದೆ. ಒಬ್ಬೊಬ್ಬರು ತಮಗೆ ಬರುವ ಒಂದು ವಿದ್ಯೆಯನ್ನು ಬೇರೆಯವರಿಗೆ ಕಲಿಸಬೇಕು. ನಾನು ಸೊಂಟಕ್ಕೆ ಸುತ್ತಿ ಉಡುವ ಸಿನ್‌ಗೆ ಅಮ್ಮ ನೇಯುತ್ತಿದ್ದ ಅಂಚು ಕಲಿಸುತ್ತೇನೆ ಎಂದು ಜಂಬದಿಂದ ಹೆಸರು ಕೊಟ್ಟೆ. ಅದೇ, ಒಂದೇ ಗಡಿಗೆಯಿಂದ ನೀರು ಕುಡಿಯುವ ಎರಡು ಹಕ್ಕಿಗಳದ್ದು. ಈ ಕಣಿವೆಯಲ್ಲಿ ಹಕ್ಕಿ ನೇಯುವವರು ಬೇಕಾದಷ್ಟಿದ್ದಾರೆ, ಆದರೆ ಅಮ್ಮನ ಹಕ್ಕಿಗಳ ಹಾಗೆ ಕೊಕ್ಕಿನಿಂದ ನೀರು ತೊಟ್ಟಿಕ್ಕುವುದು ಬೇರೆ ಯಾರ ಅಂಚಿನಲ್ಲೂ ಇಲ್ಲ. ಅದು ನನ್ನೊಬ್ಬಳ ಕೈಯಲ್ಲಿದೆ. ನಾನೂ ಒಂದು ಇಪ್ಪತ್ತು ವರ್ಷದಿಂದ ನೇಯ್ದಿರಲಿಲ್ಲ.

ಮಗ್ಗಕ್ಕೆ ಕೂತೆ. ಎಳೆ ಎತ್ತುವ ಮುಳ್ಳುಹಂದಿಯ ಮುಳ್ಳು ಕೈಗೆ ಬಂದದ್ದೇ ಬೆರಳು ತಾವಾಗಿಯೇ ಓಡಿದವು. ಒಂದು, ಎರಡು, ಆರು ಸಾಲು. ಏಳನೇ ಸಾಲಿಗೆ ಬಂದಾಗ ನಿಂತವು. ನಿನಗೆ ಗೊತ್ತಲ್ಲ, ನಮ್ಮ ನೇಯ್ಗೆಯಲ್ಲಿ ಅಂಚಿನ ಮುಖ ಕೆಳಗಿರುತ್ತದೆ, ಕೂತವಳಿಗೆ ಕಾಣುವುದು ಬೆನ್ನು, ಗಂಟುಗಳು ಮಾತ್ರ. ಎಣಿಕೆ ತಪ್ಪಿದರೆ ಕುರುಡಿಯ ಹಾಗೆ. ಹನ್ನೆರಡು ಸಲ ಬಿಚ್ಚಿದೆ. ಕನ್ನಡಿ ಇಟ್ಟು ನೋಡಿದೆ, ಕನ್ನಡಿಯಲ್ಲಿ ಎಲ್ಲ ಉಲ್ಟಾ ಆಗಿ ತಲೆ ಇನ್ನೂ ಕೆಟ್ಟಿತು.

ಹೆಸರು ಮರೆತರೆ ಮರೆಯಲಿ, ದಾರಿ ಮರೆತರೆ ಯಾರಾದರೂ ಕೈಹಿಡಿದು ತರುತ್ತಾರೆ. ಆದರೆ ಕೈ ಮರೆತರೆ ನಾನು ಯಾರು, ಲಾ? ನನಗೆ ಭಯವಾಗುತ್ತಿದೆ. ಇದನ್ನು ನುವನ್‌ಗೆ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ನೀನು ಚಿಕ್ಕವಳಿದ್ದಾಗ ಮಗ್ಗದ ಕೆಳಗೆ ಮಲಗಿ ಏನೋ ಕೂಗುತ್ತಿದ್ದೆ. ಏನು ಕೂಗುತ್ತಿದ್ದೆ?

ಅಕ್ಕ


ಮೇಚೆಮ್
1 ಆಗಸ್ಟ್ 2567

ಲಾ ಚಿಕ್ಕಮ್ಮನಿಗೆ ನುವನ್ ಮಾಡುವ ನಮಸ್ಕಾರಗಳು.

ಈ ಕಾಗದ ಬರೆಯುತ್ತಿರುವುದು ಅಮ್ಮನಿಗೆ ಗೊತ್ತಿಲ್ಲ. ಹದಿನೈದು ದಿನದಿಂದ ದಿನಕ್ಕೆರಡು ಸಲ ಅಂಚೆಯವನನ್ನು ಗೇಟಿನಲ್ಲಿ ತಡೆದು ನಿಲ್ಲಿಸುತ್ತಾರೆ. ಅವನು ಈಗ ಹಿಂದಿನ ದಾರಿಯಿಂದ ಹೋಗುತ್ತಿದ್ದಾನೆ.

ಚಿಕ್ಕಮ್ಮ, ಅಮ್ಮ ನಾಟಕ ಮಾಡುತ್ತಿಲ್ಲ. ನಿಜವಾಗಿಯೂ ಅವರಿಗೆ ನೆನಪಿಲ್ಲ. ಅಜ್ಜಿಯ ಅಂತ್ಯಕ್ರಿಯೆಯ ದಿನ ನಡೆದದ್ದನ್ನು ನಾನು ಹೇಳಬಹುದಿತ್ತು. ಆದರೆ ನನಗೆ ಗೊತ್ತಿರುವುದು ನಿಮ್ಮ ಕೂಗಾಟ ಅಷ್ಟೆ, ಒಳಗಿನದು ಗೊತ್ತಿಲ್ಲ. ಅರ್ಧ ಸತ್ಯ ಹೇಳಿ ಅವರ ತಲೆಗೆ ತುಂಬುವುದು ಬೇಡ ಎಂದು ಸುಮ್ಮನಿದ್ದೇನೆ.

ಅವರು ದಿನಾ ಮಗ್ಗಕ್ಕೆ ಕೂರುತ್ತಾರೆ. ಏಳನೇ ಸಾಲಿಗೆ ಬಂದು ಎದ್ದುಹೋಗುತ್ತಾರೆ. ಹೊರಗೆ ನಗುತ್ತಾ ಬರುತ್ತಾರೆ, ಆ ನಗು ನನಗೆ ಗೊತ್ತು.

ನೀವು ಬಯ್ದಾದರೂ ಒಂದು ಕಾಗದ ಹಾಕಿ. ಬಯ್ಗುಳವಾದರೂ ಅವರಿಗೆ ಕೆಲಸ ಕೊಟ್ಟ ಹಾಗೆ ಆಗುತ್ತದೆ.

ನಿಮ್ಮ
ನುವನ್


ಸೊಂಗ್ಖ್ಲಾ
12 ಆಗಸ್ಟ್ 2567, ತಾಯಂದಿರ ದಿನ

ಅಕ್ಕಾ,

ಇವತ್ತು ಬೆಳಗ್ಗೆ ಮೊಮ್ಮಗಳು ಮಲ್ಲಿಗೆ ತಂದು ನನ್ನ ಕಾಲಿಗೆ ಬಿದ್ದಳು. ನಮ್ಮ ಅಮ್ಮನ ಕಾಲು ನೆನಪಾಯಿತು. ಕೂತು ಬರೆಯುತ್ತಿದ್ದೇನೆ. ಕೇಳಿದೆಯಲ್ಲ, ಹೇಳುತ್ತೇನೆ.

ಅಮ್ಮ ತನಗಾಗಿ ಒಂದು ಸಿನ್ ನೇಯ್ದಿಟ್ಟಿದ್ದಳು, ಹಕ್ಕಿಯ ಅಂಚಿನದು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಮಡಚಿ, ಪೆಟ್ಟಿಗೆಯಲ್ಲಿಡುತ್ತಿದ್ದಳು. "ನನ್ನ ಕೊನೇ ಪಯಣಕ್ಕೆ ಇದೇ ಉಡ್ಸಿ, ಮೇಲೆ ಸ್ವರ್ಗದ ಸ್ತೂಪಕ್ಕೆ ಕೈಮುಗಿಯೋಕೆ ಇದನ್ನ ಉಟ್ಕೊಂಡೇ ಹೋಗ್ತೀನಿ" ಎನ್ನುತ್ತಿದ್ದಳು. ನೀನೂ ಕೇಳಿದ್ದೀಯ, ನಾನೂ ಕೇಳಿದ್ದೇನೆ.

ಅವಳು ಹೋದಾಗ ನಾನು ಎರಡು ದಿನ ಬಸ್ಸಿನಲ್ಲಿ ಬಂದು ತಲುಪಿದೆ. ನೀನು ಅವಳಿಗೆ ಹಸಿರು ಸಿನ್ ಉಡಿಸಿದ್ದೆ. ಸಂತೆಗೆ ಉಡುತ್ತಿದ್ದ ಹಳೆಯ ಹಸಿರು! "ಹಕ್ಕಿಯದ್ದು ಎಲ್ಲಿ?" ಎಂದು ಕೇಳಿದೆ. ನೀನು ನೆಲ ನೋಡಿದೆ. ಆಸೆಗೆ ಬಿದ್ದು ಒಳಗಿಟ್ಟುಕೊಂಡಿದ್ದೀಯ ಎಂದು ನಾನು ಭಿಕ್ಷುಗಳ ಎದುರೇ ಕೂಗಿದೆ. ನೀನು ಏನೋ ಹೇಳಲು ಬಂದೆ, ನಾನು ಬಾಯಿ ತೆರೆಯಲು ಬಿಡಲಿಲ್ಲ. ಊಟ ಮಾಡದೆ ಹೊರಟುಬಂದೆ.

ನಮ್ಮ ಅಮ್ಮನನ್ನು ತಪ್ಪು ಸಿನ್‌ನಲ್ಲಿ ಕಳಿಸಿದೆಯಲ್ಲ ಅಕ್ಕಾ. ಅದೇ ನಮ್ಮ ಜಗಳ. ಹದಿನಾಲ್ಕು ವರ್ಷ ನಾನು ದೀಪ ಹಚ್ಚುವಾಗೆಲ್ಲ ಅವಳು ಅಲ್ಲಿ ಎಲ್ಲರ ನಡುವೆ ಆ ಹಳೆಯ ಹಸಿರಿನಲ್ಲಿ ಮುದುಡಿ ನಿಂತಿರುವುದೇ ಕಾಣುತ್ತದೆ.

ಈಗ ನಿನಗೆ ಗೊತ್ತಾಯಿತು. ನಾಳೆ ಮತ್ತೆ ಮರೆಯುತ್ತೀಯೇನೋ. ಮರೆತರೂ ಈ ಕಾಗದ ಹರಿಯಬೇಡ.

ನಾನು ಕೂಗುತ್ತಿದ್ದದ್ದು ನನಗೆ ಪೂರ್ತಿ ನೆನಪಿದೆ. ಆದರೆ ಇವತ್ತು ಬರೆಯಲು ಮನಸ್ಸಿಲ್ಲ.

ಕೆರೆಯ ದಂಡೆಯಲ್ಲಿ ದಿನಾ ನಡೆಯಲು ಶುರುಮಾಡಿದ್ದೇನೆ. ನೀನು ಹೇಳಿದ್ದಕ್ಕಲ್ಲ.

ಲಾ


ಮೇಚೆಮ್
29 ಆಗಸ್ಟ್ 2567

ಲಾ, ಮೂಗಿನ ತುದಿಯಲ್ಲಿ ಕೋಪವಿರುವ ನನ್ನ ತಂಗಿಯೇ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಅತ್ತೆ. ಎರಡನೇ ಸಲ ಆ ಫೊಂಗ್‌ಚನ್ ಎಂಬ ಹೆಂಗಸಿನ ಮೇಲೆ ನನಗೇ ಸಿಟ್ಟು ಬಂತು, ಎಂಥ ಮಗಳು ಅವಳು! ಮೂರನೇ ಸಲ ಓದಿದಾಗ ಅನುಮಾನ ಬಂತು. ಲಾ, ನನಗೆ ಮರೆವು ಬಂದಿರಬಹುದು, ದುರಾಸೆ ಎಂದೂ ಇರಲಿಲ್ಲ. ಏನೋ ಕಾರಣ ಇದ್ದಿರಬೇಕು.

ಮನೆಯನ್ನೆಲ್ಲ ಹುಡುಕಿದೆವು. ನುವನ್ ಅಟ್ಟ ಹತ್ತಿದಳು. ಹಕ್ಕಿಯ ಸಿನ್ ಎಲ್ಲೂ ಇಲ್ಲ. ಆದರೆ ನನ್ನ ಬಿಸ್ಕತ್ತಿನ ಡಬ್ಬದ ತಳದಲ್ಲಿ, ಹಳೆಯ ಗುಂಡಿಗಳ ಕೆಳಗೆ ಒಂದು ಚೀಟಿ ಸಿಕ್ಕಿತು. ಅಂಚೆಯ ರಸೀದಿ. ಅಕ್ಷರ ಮಾಸಿದೆ, ನುವನ್ ಬೆಳಕಿಗೆ ಹಿಡಿದು ಓದಿದಳು. ಅಮ್ಮನ ನೂರನೇ ದಿನದ ಪುಣ್ಯಕಾರ್ಯವಾದ ಮಾರನೇ ದಿನ, ನಾನು ನಿನ್ನ ಹೆಸರಿಗೆ ಒಂದು ಪಾರ್ಸೆಲ್ ಕಳಿಸಿದ್ದೇನೆ. ತೂಕ ಎಂಟುನೂರು ಗ್ರಾಂ.

ಏನು ಕಳಿಸಿದೆ ನಾನು? ನೀನೇ ಹೇಳು ಮಾರಾಯ್ತಿ. ಕುತೂಹಲದಿಂದ ನಿದ್ದೆ ಬರುತ್ತಿಲ್ಲ, ನಿದ್ದೆ ಬಾರದಿದ್ದರೆ ಮೆದುಳಿಗೆ ಒಳ್ಳೆಯದಲ್ಲ ಎಂದು ಪಿಕುನ್ ಬಯ್ಯುತ್ತಾಳೆ.

ಅಕ್ಕ


ಸೊಂಗ್ಖ್ಲಾ
11 ಸೆಪ್ಟೆಂಬರ್ 2567

ಅಕ್ಕಾ, ನನ್ನ ಅಕ್ಕಾ,

ಅಕ್ಷರ ಸೊಟ್ಟಗಿದ್ದರೆ ನಿನ್ನ ಟೀಚರಿಗೆ ತೋರಿಸಬೇಡ.

ಪಾರ್ಸೆಲ್ ಬಂದಿತ್ತು. ಆಗ ಕಳಿಸಿದವರ ಹೆಸರು ನೋಡಿದ್ದೇ ನಾನು ಅದನ್ನು ಒಡೆಯಲಿಲ್ಲ. ನಿನ್ನಿಂದ ನನಗೆ ಏನೂ ಬೇಡ ಎಂದು ಬೀರುವಿನ ಮೇಲೆ ಎಸೆದೆ. ಆಮೇಲೆ ನಮ್ಮನೆಯವರು ಅದನ್ನು ಅಂಗಡಿಯಲ್ಲಿ ಫ್ಯಾನ್ ಎತ್ತರವಾಗಲಿ ಎಂದು ಅದರ ಕೆಳಗೆ ಇಟ್ಟರು. ಹದಿನಾಲ್ಕು ವರ್ಷದಿಂದ ನಾನು ಆ ಫ್ಯಾನಿನ ಗಾಳಿಯಲ್ಲೇ ಕೂತು ನಿನ್ನನ್ನು ಬಯ್ಯುತ್ತಾ ಬಂದಿದ್ದೇನೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಳಂತೆ ಎಂದು ಬೇರೆಯವರನ್ನು ನೋಡಿ ನಗುತ್ತಿದ್ದೆ.

ನಿನ್ನ ಕಾಗದ ಓದಿದ ಕೂಡಲೇ ಫ್ಯಾನ್ ಕಿತ್ತುಹಾಕಿದೆ. "ಏಯ್, ಗಿರಾಕಿಗಳು ಬೆವರ್ತಿದ್ದಾರೆ!" ಎಂದು ನಮ್ಮನೆಯವರು ಕೂಗಿದರು. "ಬೆವರ್ಲಿ!" ಎಂದೆ.

ಒಳಗೆ ಅಮ್ಮನ ಸಿನ್ ಇತ್ತು. ನೀನು ಮೂರು ಪ್ಲಾಸ್ಟಿಕ್ ಸುತ್ತಿ, ನುಸಿಗುಳಿಗೆ ಹಾಕಿ ಕಳಿಸಿದ್ದೆ, ಒಂದು ಎಳೆಯೂ ಹಾಳಾಗಿಲ್ಲ. ಜೊತೆಗೆ ಒಂದು ಕಾಗದ. ನಿನ್ನದೇ ಅಕ್ಷರ. ಹಾಗೇ ನಕಲು ಮಾಡುತ್ತೇನೆ, ನೀನು ಬರೆದದ್ದನ್ನು ನೀನೇ ಓದು:

"ಲಾ, ಸಾಯುವ ಮೊದಲು ಅಮ್ಮ ನನ್ನ ಕೈಹಿಡಿದು ಹೇಳಿದಳು. ‘ನಂಗೆ ಹಸಿರುದೇ ಸಾಕು ಕಣೇ, ಅದು ಮೆತ್ತಗಿದೆ. ಹಕ್ಕೀದು ಲಾಗೆ ಕೊಡು. ಅವಳು ಅಷ್ಟು ದೂರ ಹೋಗಿ ಸೇರಿದ್ದಾಳೆ, ಅಲ್ಲಿ ಅವಳಿಗೆ ಸಿನ್ ನೇಯ್ದು ಕೊಡೋರು ಯಾರಿದ್ದಾರೆ? ನಿಂಗೆ ಕೈಯಿದೆ, ನೀನು ನೇಯ್ಕೋತೀಯ. ಈಗ್ಲೇ ಹೇಳ್ಬೇಡ, ಅವಳು ಹಟ ಮಾಡಿ ನನ್ ಮೈಮೇಲೇ ಹೊದಿಸ್ತಾಳೆ. ನಾನು ಹೋದ್ಮೇಲೆ ಕೊಡು.’ ಕೊಡುವ ಹೊತ್ತಿಗೆ ನೀನು ಹೊರಟುಹೋಗಿದ್ದೆ. ಈಗ ಕಳಿಸುತ್ತಿದ್ದೇನೆ. ನನಗೂ ಸಿಟ್ಟು ಬಂದಿದೆ, ಆದರೆ ಸಿನ್ ನಿನ್ನದು."

ನೀನು ಮರೆತೆ, ಅದು ಕಾಯಿಲೆ. ನಾನು ಎಲ್ಲ ನೆನಪಿಟ್ಟುಕೊಂಡೆ, ಆದರೆ ನೆನಪಿಟ್ಟುಕೊಂಡದ್ದೇ ತಪ್ಪು. ನನ್ನದಕ್ಕೆ ಯಾವ ನರ್ಸ್ ಔಷಧ ಕೊಡುತ್ತಾಳೆ? ಅಕ್ಕಾ, ತಪ್ಪು ನನ್ನದು. ಹದಿನಾಲ್ಕು ವರ್ಷದ ತಪ್ಪು. ಕ್ಷಮಿಸು.

ನಾನು ಮಗ್ಗದ ಕೆಳಗೆ ಕೂಗುತ್ತಿದ್ದದ್ದು ಇದು. ನನಗೆ ನೇಯಲು ಬರುವುದಿಲ್ಲ, ಆದರೆ ಕೆಳಗೆ ಮಲಗಿದ್ದರಿಂದ ಅಂಚಿನ ಮುಖ ನೋಡುತ್ತಿದ್ದದ್ದು ನಾನೊಬ್ಬಳೇ. ಏಳನೇ ಸಾಲಿಗೆ ಎಣಿಕೆ ತಿರುಗುತ್ತದೆ, ನೀನು ಪ್ರತಿ ಸಲವೂ ಅಲ್ಲೇ ತಪ್ಪುತ್ತಿದ್ದೆ, ಈಗಲೂ ಅಲ್ಲೇ ತಪ್ಪುತ್ತಿದ್ದೀಯ. ಅದಕ್ಕೇ ಅಮ್ಮ ನನ್ನನ್ನು ಕೂಗಲು ಹಚ್ಚಿದ್ದಳು:

ಕೊಕ್ಕಿಗೊಂದು, ಕಣ್ಣಿಗೊಂದು,
ಕತ್ತಿಗೆರಡು ಬಾ,
ಹಿಂದೆ ತಿರುಗು, ನೀರಿಗ್ಮೂರು,
ಗಡಿಗೆ ತುಂಬ್ತು ಹಾ!

ಪದವಿ ತಗೊಳ್ಳುವ ಮೊದಲು ನನಗೆ ತಿಳಿಸು.

ನಿನ್ನ ಲಾ


ಮೇಚೆಮ್
3 ಅಕ್ಟೋಬರ್ 2567

ಲಾ,

ಕ್ಷಮಿಸಿದ್ದೇನೆ. ನಾಳೆ ಮರೆತುಹೋದರೆ ಇರಲಿ ಎಂದು ಕ್ಯಾಲೆಂಡರಿನ ಮೇಲೂ ಬರೆದಿಟ್ಟಿದ್ದೇನೆ: "ಲಾಳನ್ನು ಕ್ಷಮಿಸಿ ಆಗಿದೆ." ಅದರ ಕೆಳಗೆ ನುವನ್ "ಮಾತ್ರೆ ತೆಗೆದುಕೊಂಡಿರಾ?" ಎಂದು ಬರೆದಿದ್ದಾಳೆ.

ನಿನ್ನ ಪದ್ಯವನ್ನು ಮಗ್ಗದ ಮುಂದೆ ಅಂಟಿಸಿಕೊಂಡು ಕೂತೆ. ಆಗಲಿಲ್ಲ. ಓದುತ್ತಾ ಕೈ ನೋಡಿದರೆ ಸಾಲು ತಪ್ಪುತ್ತದೆ, ಕೈ ನೋಡುತ್ತಾ ಓದಿದರೆ ಪದ್ಯ ತಪ್ಪುತ್ತದೆ. ನುವನ್ ಓದಿ ಹೇಳಿದಳು, ಅದೂ ಆಗಲಿಲ್ಲ, ಅವಳು ಪಾಠ ಒಪ್ಪಿಸಿದ ಹಾಗೆ ಹೇಳುತ್ತಾಳೆ. ಕಾಗದ ಕೂಗುವುದಿಲ್ಲ ಲಾ. ನೀನೇ ಬರಬೇಕು.

ಭಿಕ್ಷುಗಳ ಮಳೆಗಾಲದ ವರ್ಷಾವಾಸ ಮುಗಿದ ಮೇಲೆ ಬಾ, ಚಳಿ ಶುರುವಾಗಿರುತ್ತದೆ, ಸ್ವೆಟರ್ ತಾ. ಮೀನಿನ ಕರುಳು ತರಬೇಡ. ಅಮ್ಮನ ಸಿನ್ ತೋರಿಸಲು ತಾ, ಆದರೆ ವಾಪಸ್ ತೆಗೆದುಕೊಂಡು ಹೋಗು, ಅದು ನಿನ್ನದು. ನನ್ನದನ್ನು ನಾನೇ ನೇಯ್ದುಕೊಳ್ಳಬೇಕು ಎಂದು ಅಮ್ಮ ಹೇಳಿದ್ದಾಳಲ್ಲ.

ಒಂದೇ ಮಾತು. ಇತ್ತೀಚೆಗೆ ಕೆಲವು ಬೆಳಗ್ಗೆಗಳು ಚೆನ್ನಾಗಿರುವುದಿಲ್ಲ. ನೀನು ಬಂದಾಗ ನನಗೆ ಗುರುತು ಸಿಗದಿದ್ದರೆ ಬೇಜಾರು ಮಾಡಿಕೊಂಡು ಊಟ ಬಿಟ್ಟು ಓಡಿಹೋಗಬೇಡ. ಆ ಕೆಲಸ ಒಂದು ಸಲ ಮಾಡಿದ್ದೀಯ.

ಅಕ್ಕ


ಸೊಂಗ್ಖ್ಲಾ
17 ನವೆಂಬರ್ 2567

ಅಕ್ಕಾ,

ಸುಖವಾಗಿ ಮನೆ ತಲುಪಿದೆ. ಬಸ್ಸು ಹತ್ತುವಾಗ ನೀನು "ನಡೆದದ್ದೆಲ್ಲ ಬರೆದು ಕಳ್ಸು, ಬೇಕಾದಾಗ ತೆಗೆದು ಓದ್ಕೋತೀನಿ" ಎಂದೆಯಲ್ಲ. ಬರೆಯುತ್ತಿದ್ದೇನೆ. ಒಂದನ್ನೂ ಬಿಡುವುದಿಲ್ಲ, ನಿನಗೆ ಇಷ್ಟವಾಗದ್ದನ್ನೂ.

ನಾನು ಬಂದಾಗ ನೀನು ಗೇಟಿನ ಬಳಿ ಅಂಚೆಯವನಿಗಾಗಿ ಕಾಯುತ್ತಿದ್ದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರು ಬೇಕಿತ್ತಮ್ಮ? ನುವನ್ ಒಳಗಿದ್ದಾಳೆ" ಎಂದೆ. ಎರಡು ದಿನ ಪ್ರಯಾಣ ಮಾಡಿ ಬಂದಿದ್ದೆ. ನುವನ್ ಓಡಿಬಂದು ಬಾಯಿ ತೆರೆಯುವಷ್ಟರಲ್ಲಿ ನಾನು ಅವಳ ಕೈ ಅದುಮಿದೆ. ನೀನು ಕಾಗದದಲ್ಲಿ ಹೇಳಿದ್ದು ನೆನಪಿತ್ತು.

ಚೀಲ ಅಲ್ಲೇ ಇಟ್ಟು ನೇರ ಮನೆಯ ಕೆಳಗೆ, ಕಂಬಗಳ ನಡುವೆ ಇರುವ ಮಗ್ಗದ ಹತ್ತಿರ ಹೋದೆ. ಅರವತ್ತಾರು ವರ್ಷದ ಈ ದೇಹವನ್ನು ಮಗ್ಗದ ಕೆಳಗೆ ತೂರಿಸಿದೆ. ಮೊಣಕಾಲು ಲಟಕ್ ಎಂದಿತು, ಸೊಂಟ ಹಿಡಿಯಿತು, ಕೂದಲಿಗೆ ಜೇಡರಬಲೆ ಅಂಟಿತು. ಅಂಗಾತ ಮಲಗಿ ಚಿಕ್ಕಂದಿನಲ್ಲಿ ಕೂಗುತ್ತಿದ್ದ ಹಾಗೆಯೇ ಕೂಗಿದೆ: "ಅಕ್ಕಾ, ಸೊಳ್ಳೆ ಕಚ್ತಿದಾವೆ, ಬೇಗ ಬಂದ್ ಕೂರೇ!"

ನಾನು ಅಮ್ಮನನ್ನು ನೆನೆದೆ. ಆಮೇಲೆ ನಿನ್ನ ಚಪ್ಪಲಿಯ ಸದ್ದು ಬಂತು. ನಿನ್ನ ಕಾಲು ಕಂಡಿತು. ನೀನು ಕೂತೆ, ಮುಳ್ಳು ಕೈಗೆ ತೆಗೆದುಕೊಂಡು ಗದರಿದೆ: "ಲಾ, ಕಾಲು ಮಡಚ್ಕೊಳೇ, ನೂಲಿಗೆ ತಾಗುತ್ತೆ. ಎಷ್ಟು ಸಲ ಹೇಳ್ಬೇಕು ನಿಂಗೆ?"

ಅಕ್ಕಾ, ನನ್ನ ಜೀವನದಲ್ಲಿ ನನ್ನನ್ನು ಯಾರೂ ಅಷ್ಟು ಚೆನ್ನಾಗಿ ಬಯ್ದಿಲ್ಲ. ಕೆಳಗೆ ಮಲಗಿದ್ದವಳ ಕಣ್ಣೀರು ಕಿವಿಯೊಳಗೆ ಹೋಯಿತು.

ಆರು ಸಾಲು ಸುಮ್ಮನೆ ನೋಡಿದೆ. ಏಳನೆಯದು ಬಂದಾಗ ಕೂಗಿದೆ. "ಕೊಕ್ಕಿಗೊಂದು, ಕಣ್ಣಿಗೊಂದು!" ನಿನ್ನ ಕೈ ನಿಂತಿತು. "ಕತ್ತಿಗೆರಡು ಬಾ!" ಮುಳ್ಳು ಅಲುಗಿತು. "ಹಿಂದೆ ತಿರುಗು!" ಎಂದಾಗ ನೀನೇ ಬಾಯಿ ಸೇರಿಸಿ "ನೀರಿಗ್ಮೂರು" ಎಂದೆ. ನನ್ನ ಮುಖದ ಮೇಲೆ, ಒಂದು ಗೇಣು ಎತ್ತರದಲ್ಲಿ, ಮೊದಲ ಹಕ್ಕಿಯ ಕೊಕ್ಕಿನಿಂದ ನೀರಿನ ಹನಿ ಇಳಿಯಿತು. ಅಮ್ಮನ ಹಕ್ಕಿ. ನುವನ್ ಪಕ್ಕದಲ್ಲೇ ಚಾಪೆ ಹಾಕಿ ಕೂತು ಒಂದೊಂದು ಎಳೆಯನ್ನೂ ಬರೆದುಕೊಂಡಳು. ಇನ್ನು ಅದು ನಿನ್ನೊಬ್ಬಳ ಕೈಯಲ್ಲಿಲ್ಲ, ನಿಶ್ಚಿಂತೆಯಿಂದಿರು.

ಎರಡನೇ ಹಕ್ಕಿಯ ಕಥೆಯನ್ನೂ ಬರೆಯಲೇಬೇಕು. ಇನ್‌ಕೇವ್ ಮಾಮ ಶಾಲೆಯ ಸಮವಸ್ತ್ರದಲ್ಲಿ ಬಂದು, ಬಗ್ಗಿ ನನ್ನನ್ನು ನೋಡಿ, "ಫೊಂಗ್‌ಚನ್, ನಿನ್ ಮಗ್ಗದ ಕೆಳಗೆ ಯಾವ್ದೋ ಹೆಂಗಸು ಸತ್ತು ಬಿದ್ದಿದ್ದಾಳೆ" ಎಂದ. ನಾನು ನಕ್ಕು ನಕ್ಕು ಎಣಿಕೆ ತಪ್ಪಿದೆ. ಎರಡನೇ ಹಕ್ಕಿಗೆ ಎರಡು ಕೊಕ್ಕು ಬಂದವು. ಕಂಡಿತು, ಆದರೆ ಹೇಳಲು ಧೈರ್ಯವಾಗಲಿಲ್ಲ. ಮೂರು ಸಾಲು ಆದಮೇಲೆ ಹೇಳಿದೆ.

"ಕೆಳಗಿದ್ದೋಳು ನೀನು, ಕಂಡೋಳು ನೀನು, ಬಾಯಲ್ಲಿ ಏನು ಮೀನು ಇತ್ತಾ?" ಎಂದು ನೀನು ಕೂಗಿದೆ.

"ಬಿಚ್ಚು ಅಕ್ಕಾ, ಮತ್ತೆ ಹೇಳ್ತೀನಿ."

ನೀನು ಮುಳ್ಳು ಕೆಳಗಿಟ್ಟೆ. "ಬೇಡ ಬಿಡು. ಒಂದು ಕೊಕ್ಕು ಕುಡಿಯೋಕೆ, ಇನ್ನೊಂದು ವಟವಟ ಅನ್ನೋಕೆ. ಅದು ನೀನೇ."

ಆಮೇಲೆ ನನ್ನನ್ನು ಮಗ್ಗದ ಕೆಳಗಿನಿಂದ ಎಳೆಯಲು ಮೂವರು ಬೇಕಾದರು. ಮೂವರು ಎಳೆದರೂ ಬರಲಿಲ್ಲ, ಎಲ್ಲರಿಗೂ ನಗು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ಊಟ ಮಾಡಿದೆವು ಅಕ್ಕಾ. ಹದಿನಾಲ್ಕು ವರ್ಷದ ಹಿಂದೆ ಬಿಟ್ಟುಹೋದ ಊಟವನ್ನೂ ಸೇರಿಸಿ ತಿಂದೆ.

ಪದವಿಯ ದಿನ ಕಪ್ಪು ಗೌನು, ಟೊಪ್ಪಿಗೆ, ಕೆಳಗೆ ಎರಡು ಕೊಕ್ಕಿನ ಹಕ್ಕಿಯ ಹೊಸ ಸಿನ್. ಪಕ್ಕದಲ್ಲಿ ಅಮ್ಮನ ಸಿನ್ ಉಟ್ಟು ನಾನು. ಫೋಟೋ ಜೊತೆಗಿಟ್ಟಿದ್ದೇನೆ. ಎಡಗಡೆ ಇರುವವಳು ನೀನು. ಬಲಗಡೆ, ಹೊಟ್ಟೆ ಇರುವವಳು, ನಿನ್ನ ತಂಗಿ.

ಲಾ


ಮೇಚೆಮ್
ಗುರುವಾರ, 28 ನವೆಂಬರ್ 2567

ಲಾ,

ನಿನ್ನ ಕಾಗದ ಬಂದ ದಿನ ಓದಿದೆ. ನಿನ್ನೆ ಓದಿದೆ. ಇವತ್ತು ಬೆಳಗ್ಗೆ ಓದುವಾಗ ಅರ್ಧದಷ್ಟು ಹೊಸದಾಗಿ ಕಂಡಿತು. ನುವನ್‌ಗೆ ಕಣ್ಣು ತುಂಬಿತು. ನಾನು ಹೇಳಿದೆ, "ಅಳ್ಬೇಡ್ವೇ. ಬೇರೆಯವ್ರ ತಂಗಿ ಊರಿಂದ ಬರೋದು ಒಂದೇ ಸಲ. ನನ್ ತಂಗಿ ನೋಡು, ದಿನಾ ಬರ್ತಾಳೆ."

ಗೇಟಿನ ಬಳಿ ನಾನು ತಮಾಷೆ ಮಾಡಿದ್ದು ಎಂದು ಎಲ್ಲರಿಗೂ ಹೇಳಿದ್ದೇನೆ. ನೀನು ನಂಬುವುದಾದರೆ ನಂಬು.

ಪದವಿ ಆದರೂ ಶಾಲೆ ಬಿಟ್ಟಿಲ್ಲ, ಮತ್ತೆ ಒಂದನೇ ತರಗತಿಗೆ ಸೇರಿದ್ದೇನೆ. ಇನ್‌ಕೇವ್ ಮಾಮನೂ ಸೇರಿದ್ದಾನೆ, ಅವನು ಅಂಗೈ ತೋರಿಸಿಯೇ ಒಳಗೆ ಬರಬೇಕು. ಇವತ್ತು ಪಿಕುನ್ ಅದೇ ಹೋಂವರ್ಕ್ ಕೊಟ್ಟಳು, ಮಾತು ಬಿಟ್ಟವರಿಗೆ ಒಂದು ಕಾಗದ.

ನಾನು ಎದ್ದು ನಿಂತು, "ಟೀಚರ್, ನಂಗೆ ಯಾರೂ ಇಲ್ಲ" ಎಂದೆ.

"ಸರಿಯಾಗಿ ಯೋಚ್ನೆ ಮಾಡಿ ಅಜ್ಜಿ. ಮರ್ತಿರ್ಬಹುದು."

"ಮರ್ತಿಲ್ಲ. ಇಲ್ಲ ಅಂತ ನೆನಪಿದೆ."

"ಹಾಗಾದ್ರೆ ಯಾರ ಜೊತೆಗಾದ್ರೂ ಜಗಳ ಆಡ್ಕೊಂಡು ಬನ್ನಿ. ಹೋಂವರ್ಕ್ ಅಂದ್ರೆ ಹೋಂವರ್ಕೇ."

ಆದ್ದರಿಂದ ಲಾ, ನೀನು ಹೋಗುವಾಗ ನನ್ನ ಕೊಂಬಿನ ಬಾಚಣಿಗೆ ಎತ್ತಿಕೊಂಡು ಹೋಗಿದ್ದೀಯ. ನನಗೆ ಚೆನ್ನಾಗಿ ನೆನಪಿದೆ. ಅಂಚೆಯಲ್ಲಿ ಕಳಿಸಿದರೆ ಒಡೆಯದೆ ಫ್ಯಾನಿನ ಕೆಳಗಿಡುತ್ತೇನೆ. ನೀನೇ ತಂದುಕೊಡು.

ನಿನ್ನ ಅಕ್ಕ
ಫೊಂಗ್‌ಚನ್
(ಈಗ ಮೊದಲನೇ ಬೆಂಚು)